ಗುಡ್ಡದಂಚಿನ ಗಾಳಿಯಲ್ಲಿ ಹಾರುವಾಗ

ಗದಗದವನಾದ ನಾನು ಪ್ಯಾರಾಗ್ಲೈಡಿಂಗ್ ಮಾಡುತ್ತೇನೆ ಎಂದರೆ ಜನ ಮೊದಲು ಕೇಳುವುದು ‘ಕಪ್ಪತಗುಡ್ಡದಿಂದ ಜಿಗಿಯುತ್ತೀರೇನು?’ ಎಂದು. ಇಲ್ಲ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು. ಅಲ್ಲಿ ಮನಬಂದಂತೆ ಹಾರುವ ಮಾತೇ ಇಲ್ಲ, ಹಾಗೆ ಆಗಲೂಬಾರದು. ಹಾರುವುದಕ್ಕೆ ನಾನು ಮಹಾರಾಷ್ಟ್ರದ ಕಾಮಶೇತಿಗೆ ಹೋಗುತ್ತೇನೆ. ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಪುಣೆ, ಅಲ್ಲಿಂದ ಲೋಣಾವಳದ ಲೋಕಲ್ ರೈಲು. ಅಲ್ಲಿನ ಹಾರಾಟದ ಹಂಗಾಮು ಅಕ್ಟೋಬರ್‌ನಿಂದ ಮೇವರೆಗೆ; ಮಳೆಗಾಲದಲ್ಲಿ ಯಾರೂ ಹಾರುವುದಿಲ್ಲ. ಆದರೆ ಗುಡ್ಡಕ್ಕೆ ಬಡಿದ ಗಾಳಿ ಏನು ಮಾಡುತ್ತದೆ ಎಂಬುದು ನನಗೆ ಮನದಟ್ಟಾದದ್ದು ನಮ್ಮ ಕಪ್ಪತಗುಡ್ಡವನ್ನು ನೋಡಿಯೇ.

ಬಿಂಕದಕಟ್ಟಿಯಿಂದ ಸಿಂಗಟಾಲೂರಿನ ಕಡೆಗೆ ಉದ್ದಕ್ಕೆ ಚಾಚಿದ ಈ ಸಾಲು ಪಡುವಣ ಗಾಳಿಗೆ ಅಡ್ಡಲಾಗಿ ನಿಂತಿದೆ. ಗದಗ ಸೀಮೆಯ ಗಾಳಿಯಂತ್ರಗಳು ಮುಂಗಾರಿನಲ್ಲಿ ಬಿಡುವಿಲ್ಲದೆ ತಿರುಗುವುದನ್ನು ಎಲ್ಲರೂ ಕಂಡಿದ್ದೇವೆ. ಅದೇ ಗಾಳಿ ಗುಡ್ಡವನ್ನು ತೂರಿಹೋಗಲಾರದೆ ಇಳಿಜಾರಿನ ಮೇಲೆ ಹತ್ತುತ್ತದೆ. ಹತ್ತುವ ಆ ಗಾಳಿಯ ಪಟ್ಟಿಯೇ ನಮ್ಮನ್ನು ಎತ್ತಿ ಹಿಡಿಯುವುದು. ನೆತ್ತಿಯ ಬಳಿ ಅದಕ್ಕೆ ಇರುವ ಜಾಗ ಕಿರಿದಾಗಿ ವೇಗ ಹೆಚ್ಚುತ್ತದೆ. ನೆತ್ತಿ ದಾಟಿದ ಮೇಲೆ ಉರುಳಿ, ಸುಳಿದು, ಕೆಳಕ್ಕೆ ಬೀಳುತ್ತದೆ. ಹಾರುವವರು ಇದನ್ನು ರೋಟರ್ ಎನ್ನುತ್ತಾರೆ. ಕಣದಲ್ಲಿ ರಾಶಿ ತೂರುವ ರೈತರು ಬಣವೆಯ ಮರೆಯಲ್ಲಿ ನಿಂತು ತೂರುವುದಿಲ್ಲ. ಅಲ್ಲಿ ಗಾಳಿ ಹೊಳ್ಳಿ ಹೊಟ್ಟೆಲ್ಲ ಮುಖಕ್ಕೇ ಬರುತ್ತದೆ. ಗುಡ್ಡದ ಬೆನ್ನ ಹಿಂದೆ ಆಗುವುದೂ ಅದೇ. ಅಲ್ಲಿ ಸಿಕ್ಕರೆ ಬಟ್ಟೆಯ ರೆಕ್ಕೆ ಮಡಚಿಕೊಳ್ಳುತ್ತದೆ, ಸರಿಪಡಿಸಿಕೊಳ್ಳುವಷ್ಟು ಎತ್ತರವೂ ಇರುವುದಿಲ್ಲ.

ಹಾಗಾಗಿ ಟೇಕಾಫ್ ಜಾಗ ತಲುಪಿದೊಡನೆ ನಾನು ಚೀಲ ಬಿಚ್ಚುವುದಿಲ್ಲ. ಕನಿಷ್ಠ ಅರ್ಧ ಗಂಟೆ ಗಾಳಿಯನ್ನು ನೋಡುತ್ತೇನೆ. ಹುಲ್ಲು ಒಂದೇ ಸಮನೆ ಬಾಗುತ್ತಿದೆಯೋ, ಬಾಗಿ ಎದ್ದು ಹೊರಳುತ್ತಿದೆಯೋ? ಕೆಳಗಿನ ಊರಿನ ಹೊಗೆ ಯಾವ ಕಡೆಗೆ ವಾಲಿದೆ? ಕೆರೆಯ ನೀರಿನ ಮೇಲೆ ಬಿಳಿ ನೊರೆ ಎದ್ದಿದೆಯೇ? ಎದ್ದಿದ್ದರೆ ಗಾಳಿ ಜೋರಿದೆ ಎಂದೇ ಅರ್ಥ. ಹದ್ದುಗಳು ರೆಕ್ಕೆ ಬಡಿಯದೆ ತೇಲುತ್ತಿವೆಯೋ, ಜೋಲಿ ಹೊಡೆಯುತ್ತಿವೆಯೋ ಎಂಬುದನ್ನೂ ಗಮನಿಸುತ್ತೇನೆ.

ಆಮೇಲೆ ಗಾಳಿಮಾಪಕ. ನನ್ನಂತಹವರು ಹಾರಿಸುವ ಸಾಧಾರಣ ರೆಕ್ಕೆ, ಕೈಯಲ್ಲಿರುವ ಬ್ರೇಕ್ ದಾರಗಳನ್ನು ಎಳೆಯದೆ ಬಿಟ್ಟಾಗ, ಗಂಟೆಗೆ ಸುಮಾರು 36ರಿಂದ 38 ಕಿ.ಮೀ. ವೇಗದಲ್ಲಿ ಹೋಗುತ್ತದೆ. ಎದುರುಗಾಳಿಯೂ ಅಷ್ಟೇ ಇದ್ದರೆ ನಿಂತಲ್ಲೇ ನಿಲ್ಲುತ್ತೇವೆ, ಸ್ವಲ್ಪ ಹೆಚ್ಚಾದರೆ ಹಿಂದಕ್ಕೆ, ಅಂದರೆ ರೋಟರಿನ ಕಡೆಗೆ. 15ರಿಂದ 20 ಕಿ.ಮೀ. ಗಾಳಿ ನನಗೆ ಹಿತ. 25 ದಾಟಿದರೆ ನಾನು ರೆಕ್ಕೆ ಬಿಚ್ಚುವುದಿಲ್ಲ. ಸಂಖ್ಯೆಗಳು ಹತ್ತಿರ ಹತ್ತಿರ ಕಂಡರೂ ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 15 ಇದ್ದದ್ದು 30 ಆದರೆ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಸರಾಸರಿಗಿಂತಲೂ ನಾನು ಹೆಚ್ಚು ನೋಡುವುದು ಏರಿಳಿತವನ್ನು. ಹತ್ತು ಇದ್ದದ್ದು ತಟ್ಟನೆ 22ಕ್ಕೆ ಏರಿ ಮತ್ತೆ ಇಳಿಯುತ್ತಿದ್ದರೆ ಅದು ಹಾರುವ ಗಾಳಿಯಲ್ಲ. ಮಾರ್ಚ್, ಏಪ್ರಿಲ್‌ನ ನಡುಹಗಲಿನಲ್ಲಿ ಕಾದ ಬಂಡೆಗಳಿಂದ ಬಿಸಿಗಾಳಿ ಏಳುವಾಗ ಹೀಗಾಗುತ್ತದೆ. ನಾನು ಆ ಹೊತ್ತನ್ನು ಬಿಟ್ಟು ಸಂಜೆಯ ಇಳಿಬಿಸಿಲಿಗೆ ಕಾಯುತ್ತೇನೆ.

ಈ ಹಾರಾಟದ ಅರ್ಧ ಕಲಿಕೆ ನೆಲದ ಮೇಲೆಯೇ ನಡೆಯುತ್ತದೆ. ಊರಿನಲ್ಲಿದ್ದಾಗ ಬಯಲಲ್ಲಿ ರೆಕ್ಕೆಯನ್ನು ತಲೆಯ ಮೇಲೆ ಎತ್ತಿ ನಿಲ್ಲಿಸುವ ಅಭ್ಯಾಸ ಮಾಡುತ್ತೇನೆ. ಹಾರುವುದಿಲ್ಲ, ಕಾಲು ನೆಲ ಬಿಡುವುದಿಲ್ಲ. ಜೋಳ ಕೊಯ್ದ ಎರೆಹೊಲ ಇದಕ್ಕೆ ಆಗುವುದಿಲ್ಲ. ಕೂಳೆಗೆ ದಾರಗಳು ಸಿಕ್ಕಿ ಹರಿಯುತ್ತವೆ, ಬಿರುಕಿನಲ್ಲಿ ಕಾಲು ಉಳುಕುತ್ತದೆ. ಜಾಲಿ ಇಲ್ಲದ, ಗಿಡ್ಡ ಹುಲ್ಲಿನ ಗೋಮಾಳ ಒಳ್ಳೆಯದು. ಗಾಳಿಗೆ ಬೆನ್ನು ಮಾಡಿ, ರೆಕ್ಕೆಯನ್ನು ನೋಡುತ್ತ ಎತ್ತಿ, ತಿರುಗಿ ಓಡುವ ವಿಧಾನ ಗುಡ್ಡದಂಚಿನಲ್ಲಿ ಬಹಳ ಬೇಕಾಗುತ್ತದೆ. ಕೈಗೆ ಅದು ರೂಢಿಯಾಗುವವರೆಗೆ ಅಂಚಿಗೆ ಹೋಗಬೇಡಿ ಎಂದು ಹೊಸಬರಿಗೆ ನಾನು ಒತ್ತಿ ಹೇಳುತ್ತೇನೆ. ಹಾಗೆಯೇ, ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ರೆಕ್ಕೆ ಕೊಂಡು ಮೊಬೈಲಿನ ವಿಡಿಯೋ ನೋಡಿ ಕಲಿಯಲು ಹೊರಡುವವರನ್ನು ಕೈಹಿಡಿದು ತಡೆಯಬೇಕು ಅನ್ನಿಸುತ್ತದೆ. ಬಿಸಿಲಿಗೆ ಸವೆದ ಬಟ್ಟೆ ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ. ಗುರುವಿಲ್ಲದೆ ಇದನ್ನು ಕಲಿಯಲಾಗದು. ಮೊದಲ ರೆಕ್ಕೆ ಎ ದರ್ಜೆಯದ್ದೇ, ಅಂದರೆ ಹೊಸಬರಿಗೆ ಹೊಂದುವಂಥದ್ದೇ ಇರಲಿ.

ಹೊರಡುವ ಮುನ್ನ ತಪಾಸಣೆಯನ್ನು ಯಾವಾಗಲೂ ಒಂದೇ ಕ್ರಮದಲ್ಲಿ ಮಾಡುತ್ತೇನೆ. ಮೊದಲು ಕಾಲಿನ ಪಟ್ಟಿಗಳು. ಅವು ಬಿಗಿಯಾಗಿಲ್ಲದಿದ್ದರೆ ಗಾಳಿಯಲ್ಲಿ ನಾವು ಕೂರುವ, ರೆಕ್ಕೆಗೆ ತಗುಲಿದ ಹಾರ್ನೆಸ್‌ನಿಂದ ಜಾರಿಬೀಳುತ್ತೇವೆ. ಆಮೇಲೆ ಎದೆಯ ಪಟ್ಟಿ, ಹೆಲ್ಮೆಟ್, ರಿಸರ್ವ್ ಪ್ಯಾರಾಶೂಟಿನ ಪಿನ್ನು, ದಾರಗಳು, ರೆಕ್ಕೆ, ಕೊನೆಗೆ ಮತ್ತೊಮ್ಮೆ ಗಾಳಿ ಮತ್ತು ಆಕಾಶ. ನಡುವೆ ಯಾರಾದರೂ ಮಾತನಾಡಿಸಿದರೆ ಮೊದಲಿನಿಂದ ಶುರು ಮಾಡುತ್ತೇನೆ.

ಮೇಲೇರಿದ ಮೇಲೆ ನಿಯಮಗಳು ಕೆಲವೇ. ತಿರುವು ಯಾವಾಗಲೂ ಗುಡ್ಡದಿಂದ ಆಚೆಗೆ, ಬಯಲಿನ ಕಡೆಗೆ. ಎದುರುಬದುರಾದಾಗ ಯಾರ ಬಲಕ್ಕೆ ಗುಡ್ಡವಿದೆಯೋ ಅವರು ನೇರ ಹೋಗುತ್ತಾರೆ, ಎಡಕ್ಕೆ ಗುಡ್ಡ ಇರುವವರು ಬಲಕ್ಕೆ ಸರಿಯುತ್ತಾರೆ. ಗುಡ್ಡಕ್ಕೆ ಅಂಟಿಕೊಂಡವರಿಗೆ ಸರಿಯಲು ಜಾಗವಿಲ್ಲ, ಅದಕ್ಕೆ ಈ ನಿಯಮ. ತಿರುಗುವ ಮುನ್ನ ಭುಜದ ಮೇಲಿಂದ ಹಿಂದಕ್ಕೆ ನೋಡುತ್ತೇನೆ.

ನಾನು ಸದಾ ಕಣ್ಣಿಡುವುದು ನೆಲದ ಮೇಲಿನ ನನ್ನ ವೇಗದ ಮೇಲೆ. ಗಾಳಿಗೆ ಮುಖ ಮಾಡಿದಾಗ ಕೆಳಗಿನ ಪೊದೆ ಹಿಂದಕ್ಕೆ ಸರಿಯುವುದು ನಿಧಾನವಾಯಿತೆಂದರೆ ಗಾಳಿ ಬಲಿಯುತ್ತಿದೆ. ಆಗ ನಾನು ನಿಂತಲ್ಲೇ ನಿಲ್ಲುವವರೆಗೆ ಕಾಯುವುದಿಲ್ಲ. ಬಯಲಿನ ಕಡೆಗೆ ಹೊರಟುಬಿಡುತ್ತೇನೆ, ಬೇಕಾದರೆ ರೆಕ್ಕೆಯ ವೇಗ ಹೆಚ್ಚಿಸಲು ಕಾಲಿನಿಂದ ಸ್ಪೀಡ್ ಬಾರ್ ಒತ್ತುತ್ತೇನೆ. ಇನ್ನೂ ಎತ್ತರ ಸಿಗುತ್ತಿದೆಯಲ್ಲ ಎಂಬ ಆಸೆಗೆ ನೆತ್ತಿಯ ಮೇಲೆ ಉಳಿಯುವವರೇ ಹಿಂದಕ್ಕೆ ತಳ್ಳಲ್ಪಡುವುದು.

ಇಳಿಯುವಾಗ ನೆಲದ ಹತ್ತಿರ ಗಾಳಿ ಕಡಿಮೆಯಾಗುವುದರಿಂದ ರೆಕ್ಕೆಯ ವೇಗವೂ ತಟ್ಟನೆ ತಗ್ಗುತ್ತದೆ. ಆದ್ದರಿಂದ ಕೊನೆಯ ಹಂತದಲ್ಲಿ ಬ್ರೇಕ್ ಹಿಡಿದು ನಿಧಾನಿಸುವುದಿಲ್ಲ. ಗಾಳಿಗೆ ನೇರ ಮುಖ ಮಾಡಿ, ವೇಗ ಉಳಿಸಿಕೊಂಡು, ಕಾಲು ಮುಟ್ಟುವ ಹೊತ್ತಿಗೆ ಮಾತ್ರ ಎರಡೂ ಬ್ರೇಕ್ ಪೂರ್ತಿ ಎಳೆಯುತ್ತೇನೆ. ನಿಂತ ಕೂಡಲೇ ರೆಕ್ಕೆಯನ್ನು ಮುದ್ದೆ ಮಾಡಿ ಬದಿಗೆ ಒಯ್ಯುತ್ತೇನೆ, ಹಿಂದೆ ಬರುವವರು ಅಲ್ಲಿಯೇ ಇಳಿಯಬೇಕು.