ಮೊಬೈಲ್ ಹೋಮ್ ಸುತ್ತ ಇಟ್ಟಿಗೆ ಸ್ಕರ್ಟಿಂಗ್: ನಾನು ಕಟ್ಟಿದ ರೀತಿ

ಮೊಬೈಲ್ ಹೋಮ್ ಅಂದರೆ ಕಾರ್ಖಾನೆಯಲ್ಲಿ ಕಟ್ಟಿ ತಂದು ಕಂಬಗಳ ಮೇಲೆ ಕೂರಿಸುವ ಮನೆ; ಅದರ ಅಡಿಯ ಖಾಲಿ ಜಾಗವನ್ನು ಸುತ್ತಲೂ ಮರೆಮಾಡುವ ಗೋಡೆಯೇ ಸ್ಕರ್ಟಿಂಗ್. ಈ ಗೋಡೆ ಮನೆಯನ್ನು ಹೊರಬಾರದು. ಮನೆಯ ಭಾರ ಹೊರುವುದು ಒಳಗಿನ ಉಕ್ಕಿನ ಐ-ಬೀಮು ಮತ್ತು ಅದರ ಕೆಳಗಿನ ಕಾಂಕ್ರೀಟ್ ಬ್ಲಾಕ್ ಕಂಬಗಳು. ಇಟ್ಟಿಗೆ ಬರೀ ಮರೆ. ಗೋಡೆಯನ್ನು ಮನೆಯ ಅಡಿಗೆ ಬಿಗಿಯಾಗಿ ತಾಗಿಸಿ ಕಟ್ಟಿದರೆ ಚಳಿಗಾಲದಲ್ಲಿ ಮಣ್ಣು ಹೆಪ್ಪುಗಟ್ಟಿ ಉಬ್ಬಿದಾಗ ಮನೆಯ ಅಂಚನ್ನೇ ಎತ್ತುತ್ತದೆ. ಕಂಬಗಳು ಸ್ವಲ್ಪ ಕುಸಿದರೂ ಅಷ್ಟೇ, ಭಾರ ಇಟ್ಟಿಗೆಯ ಮೇಲೆ ಕೂರುತ್ತದೆ. ಆಮೇಲೆ ಬಾಗಿಲು ಹಿಡಿದುಕೊಳ್ಳುತ್ತದೆ, ಗೋಡೆ ಬಿರಿಯುತ್ತದೆ. ಹಾಗಾಗಿ ಮೊದಲು ಮನೆಯ ಮಟ್ಟ ಸರಿಪಡಿಸಿ, ಇಟ್ಟಿಗೆಯ ಮಾತು ಆಮೇಲೆ.

ಇಲ್ಲಿ ಹೇಳುವ ಲೆಕ್ಕ ಅಮೆರಿಕದ ನಾರ್ತ್ ಕ್ಯಾರೊಲಿನಾದ 28×56 ಅಡಿಯ ಡಬಲ್‌ವೈಡ್ (ಎರಡು ಭಾಗ ಜೋಡಿಸಿದ) ಮನೆಯದು. ಸುತ್ತಳತೆ 168 ಅಡಿ. ಪಾಯದ ತಳವನ್ನು 12 ಇಂಚು ಆಳಕ್ಕೆ ಒಯ್ದೆ. ಮಣ್ಣು ಆಳಕ್ಕೆ ಹೆಪ್ಪುಗಟ್ಟುವ ಮಿನೆಸೋಟಾದಲ್ಲಾದರೆ 42 ಇಂಚಿನಿಂದ 60 ಇಂಚಿನವರೆಗೆ ಇಳಿಯಬೇಕು, ಆಗ ಇಟ್ಟಿಗೆ ಸ್ಕರ್ಟಿಂಗಿನ ಖರ್ಚೇ ಬೇರೆ. ಕೌಂಟಿ ಪರ್ಮಿಟ್ ತಗೊಂಡು, 811ಕ್ಕೆ ಕರೆ ಮಾಡಿ ನೆಲದಡಿಯ ಪೈಪು, ಕೇಬಲ್ ಗುರುತು ಹಾಕಿಸಿದ ಮೇಲೇ ಗುದ್ದಲಿ ಹಿಡಿಯಬೇಕು. ಮನೆಯನ್ನು ಬಿರುಗಾಳಿಗೆ ಹಾರದಂತೆ ಕಟ್ಟಿರುವ ಆ್ಯಂಕರುಗಳ ಹತ್ತಿರ ಯಂತ್ರ ಬಿಡಬೇಡಿ. ಆ್ಯಂಕರಿನ ಹಿಡಿತ ಇರುವುದು ಅಲ್ಲಾಡದ ಮಣ್ಣಿನಲ್ಲಿ.

ಪಾಯ 12 ಇಂಚು ಅಗಲ, 8 ಇಂಚು ದಪ್ಪ, ಒಳಗೆ ಅರ್ಧ ಇಂಚಿನ ಎರಡು ಸರಳು. ಸುಮಾರು 4.2 ಘನ ಗಜ ಕಾಂಕ್ರೀಟ್ ಹಿಡಿಯುತ್ತದೆ, ಐದು ಗಜ ತರಿಸಿ. ಒಂಟಿ ಇಟ್ಟಿಗೆಯ ಗೋಡೆ ತನ್ನಷ್ಟಕ್ಕೆ ಗಟ್ಟಿಯಲ್ಲ. ಪ್ರತಿ 8 ಅಡಿಗೆ ಒಳಬದಿಯಲ್ಲಿ ಬ್ಲಾಕಿನ ಆಸರೆ ಕಂಬ ಕಟ್ಟಿ ಗೋಡೆಗೆ ಬೆಸೆಯಬೇಕು, ಅಲ್ಲೆಲ್ಲ ಪಾಯವನ್ನೂ ಒಳಕ್ಕೆ ಅಗಲಿಸಬೇಕು.

ಗೋಡೆಯ ಗೆರೆ ಹಾಕುವಾಗ ಸೈಡಿಂಗಿನ (ಮನೆಯ ಹೊರಗೋಡೆಯ ಹೊದಿಕೆ) ಒಳಮುಖದಿಂದ ತೂಗುಗುಂಡು ಬಿಡಿ. ಇಟ್ಟಿಗೆಯ ಹೊರಮುಖ ಅದಕ್ಕಿಂತ ಅರ್ಧ ಇಂಚು ಒಳಗಿರಲಿ. ಹೊರಗೆ ಚಾಚಿದರೆ ಸೈಡಿಂಗ್ ಮೇಲಿಂದ ಹರಿದ ಮಳೆನೀರು ಇಟ್ಟಿಗೆಯ ತಲೆಯ ಮೇಲೆ ನಿಂತು ಮನೆಯ ಅಂಚಿನ ಮರ ಕೊಳೆಯುತ್ತದೆ.

ಮಾಡ್ಯುಲರ್ ಎಂಬ ಇಲ್ಲಿನ ಸಾಮಾನ್ಯ ಅಳತೆಯ ಇಟ್ಟಿಗೆಯಲ್ಲಿ ಮೂರು ವರಸೆಗೆ ಗಾರೆ ಸೇರಿ ಸರಿಯಾಗಿ 8 ಇಂಚು. ಪಾಯದಿಂದ ಮನೆಯ ಅಡಿಗೆ 33 ಇಂಚು ಸಿಕ್ಕಿದರೆ 12 ವರಸೆ, ಅಂದರೆ 32 ಇಂಚು ಕಟ್ಟಿ ಮೇಲೆ ಒಂದು ಇಂಚು ಖಾಲಿ ಬಿಡಿ. ಆ ಸಂದಿಗೆ ಗಾರೆ ತುಂಬಬೇಡಿ, ಫೋಮ್ ಕೂಡ ಬೇಡ. ಪಿವಿಸಿ ಪಟ್ಟಿಯೊಂದನ್ನು ಮನೆಯ ಅಂಚಿಗೆ ಮಾತ್ರ ಸ್ಕ್ರೂ ಮಾಡಿ ಇಟ್ಟಿಗೆಯ ಮುಂದೆ ಇಳಿಬಿಟ್ಟರೆ ಸಂದಿ ಕಾಣುವುದಿಲ್ಲ, ಗೋಡೆಯೂ ಮನೆಯೂ ತಮ್ಮ ಪಾಡಿಗೆ ಮಿಸುಕುತ್ತವೆ.

ಚದರ ಅಡಿಗೆ ಸುಮಾರು 6.75 ಇಟ್ಟಿಗೆ. ಗಾಳಿ ಕಿಂಡಿ, ಬಾಗಿಲಿನ ಜಾಗ ಕಳೆದು, ಒಡೆಯುವುದಕ್ಕೆ ನೂರಕ್ಕೆ ಐದು ಸೇರಿಸಿದರೆ 3,100. ಎಲ್ಲವನ್ನೂ ಒಟ್ಟಿಗೇ ತರಿಸಿ, ಎರಡು ಮೂರು ಪ್ಯಾಲೆಟ್‌ನಿಂದ ಬೆರೆಸುತ್ತ ಕಟ್ಟಿ, ಇಲ್ಲದಿದ್ದರೆ ಬಣ್ಣದ ಪಟ್ಟೆ ಎದ್ದು ಕಾಣುತ್ತದೆ. ಟೈಪ್ ಎನ್ ಮೇಸನ್ರಿ ಸಿಮೆಂಟ್ 26 ಚೀಲ, ಮರಳು ಮೂರು ಘನ ಗಜ. ಬೆರಕೆ ಒಂದಕ್ಕೆ ಮೂರು.

ಊರಲ್ಲಿ ಇಟ್ಟಿಗೆಯನ್ನು ನೀರಲ್ಲಿ ನೆನೆಸಿಯೇ ಕಟ್ಟುವುದನ್ನು ನೋಡಿ ಬೆಳೆದವರು ಇಲ್ಲೂ ಪೈಪು ಹಿಡಿಯುತ್ತಾರೆ. ಇಲ್ಲಿನ ಯಂತ್ರದ ಇಟ್ಟಿಗೆ ನೀರು ಕುಡಿಯುವುದು ಕಮ್ಮಿ. ನೆನೆಸಿದರೆ ಗಾರೆಯ ಮೇಲೆ ತೇಲಿ ಸಾಲು ತಪ್ಪುತ್ತದೆ. ಅನುಮಾನವಿದ್ದರೆ ಕ್ವಾರ್ಟರ್ ನಾಣ್ಯದಷ್ಟು (ಸುಮಾರು ಒಂದು ಇಂಚು ಅಗಲದ) ವೃತ್ತವನ್ನು ಮೇಣದ ಪೆನ್ಸಿಲಿನಲ್ಲಿ ಬರೆದು 20 ಹನಿ ನೀರು ಬಿಡಿ. 90 ಸೆಕೆಂಡಿನೊಳಗೆ ಹೀರಿದರೆ ಮಾತ್ರ ನೆನೆಸಿ, ಮೇಲ್ಮೈ ಆರಿದ ಮೇಲೆ ಕಟ್ಟಿ. 40 ಡಿಗ್ರಿ ಫ್ಯಾರನ್‌ಹೀಟಿಗಿಂತ ಚಳಿಯಿದ್ದರೆ ಆ ದಿನ ಕೆಲಸ ಬೇಡ. ಮೂಲೆಗಳನ್ನು ಮೊದಲು ಎಬ್ಬಿಸಿ, ದಾರ ಎಳೆದು ನಡುವೆ ತುಂಬಿ. ಹೆಬ್ಬೆರಳು ಒತ್ತಿದಾಗ ಗಾರೆ ಅಂಟದೆ ಗುರುತು ಮಾತ್ರ ಬಿದ್ದರೆ ಸಂದು ತೀಡುವ ಹೊತ್ತು. ನೆಲದ ಮೇಲಿನ ಮೊದಲ ವರಸೆಯಲ್ಲಿ ಎರಡು ಅಡಿಗೊಂದು ನಿಲುಸಂದು ಖಾಲಿ ಬಿಡಿ, ಒಳಗೆ ಇಳಿದ ನೀರಿಗೆ ದಾರಿ ಬೇಕು.

ಗಾಳಿಯ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಫೆಡರಲ್ ನಿಯಮ 150 ಚದರ ಅಡಿ ಮನೆಗೆ ಒಂದು ಚದರ ಅಡಿ ತೆರಪು ಕೇಳುತ್ತದೆ. ನಮ್ಮ 1,568ಕ್ಕೆ ಸುಮಾರು 10.5 ಚದರ ಅಡಿ. 8×16 ಇಂಚಿನ ಕಿಂಡಿಯಲ್ಲಿ ಜಾಲರಿ, ರೆಕ್ಕೆ ಕಳೆದು ಗಾಳಿಗೆ ಉಳಿಯುವುದು 50 ಚದರ ಇಂಚಿನ ಆಸುಪಾಸು, ಅಂದರೆ 30 ಕಿಂಡಿ! ನೆಲಕ್ಕೆ ಪೂರ್ತಿ 6 ಮಿಲ್ (ಸುಮಾರು 0.15 ಮಿಲಿಮೀಟರ್) ದಪ್ಪದ ಪ್ಲಾಸ್ಟಿಕ್ ಹಾಸಿದರೆ ಹತ್ತನೇ ಒಂದು ಭಾಗ ಸಾಕು; ಪ್ರತಿ ಮೂಲೆಯಿಂದ ಮೂರು ಅಡಿಯೊಳಗೆ ಒಂದು ಕಿಂಡಿ ಇರಲಿ. ಲೆಕ್ಕಕ್ಕೆ ನಾಲ್ಕೇ ಸಾಕಾದರೂ ನಾನು ಎಂಟು ಇಟ್ಟೆ. ಈ ಕಿಂಡಿಗೆ ಮೂರು ವರಸೆ ಎತ್ತರ, ಎರಡು ಇಟ್ಟಿಗೆ ಉದ್ದ; ಮೇಲಿನ ಮೂರು ವರಸೆಯಲ್ಲೇ ಕೂರಿಸಿದರೆ ಲಿಂಟಲ್ ಬೇಕಿಲ್ಲ.

ಒಳಗೆ ನುಸುಳುವ ಬಾಗಿಲು ಯಾವ ಬದಿಯೂ 18 ಇಂಚಿಗೆ ಕಮ್ಮಿಯಿಲ್ಲದೆ ಒಟ್ಟು ಮೂರು ಚದರ ಅಡಿ ಇರಲಿ. ನಲ್ಲಿ ಪೈಪುಗಳಿರುವ ಕಡೆಗೇ ಇಡಿ. ಬಟ್ಟೆ ಡ್ರೈಯರಿನ ಪೈಪು, ವಾಟರ್ ಹೀಟರಿನ ಸೇಫ್ಟಿ ಪೈಪು ಎರಡೂ ಗೋಡೆ ದಾಟಿ ಹೊರಗೇ ಬರಬೇಕು. ಡ್ರೈಯರಿನ ಹಬೆ ಒಳಗೆ ಉಳಿದರೆ ನೆಲದ ಹಲಗೆಗೆ ಬೂಷ್ಟು.

ಇಷ್ಟು ಕಟ್ಟಿದ ಮಾತ್ರಕ್ಕೆ ಬ್ಯಾಂಕಿನವರು ಇದನ್ನು ಕಾಯಂ ಪಾಯ ಎಂದು ಒಪ್ಪುವುದಿಲ್ಲ. ಎಫ್‌ಎಚ್‌ಎ (ಸರ್ಕಾರದ ವಿಮೆಯಿರುವ) ಸಾಲದ ಯೋಚನೆಯಿದ್ದರೆ ಹಡ್ ಎಂಬ ಅಮೆರಿಕದ ವಸತಿ ಇಲಾಖೆಯ 1996ರ ಮಾರ್ಗದರ್ಶಿಗೆ ತಕ್ಕ ಪಾಯವಿದೆಯೆಂದು ಎಂಜಿನಿಯರ್ ಪ್ರಮಾಣಪತ್ರ ಬೇಕು. ಅವರನ್ನು ಇಟ್ಟಿಗೆ ಏಳುವ ಮುಂಚೆಯೇ ಕರೆಸಿ, ಕಂಬ, ಆ್ಯಂಕರು ಎಲ್ಲ ಬಯಲಲ್ಲಿ ಕಾಣುತ್ತಿರುವಾಗ.