ಐದು ಗುಂಡಿಗಳ ಕೆಲಸಕ್ಕೆ ಒಂದೇ ಸ್ವಿಚ್

ಅಂಗೈಯಲ್ಲಿ ಹಿಡಿಯುವಂಥ ತಾಪಮಾನ ದಾಖಲಿಸುವ ಪೆಟ್ಟಿಗೆಯೊಂದನ್ನು ಮಾಡುತ್ತಿದ್ದೆ. 0.96 ಇಂಚಿನ ಓಲೆಡ್ ಪರದೆ, ಎಲ್ಲವನ್ನೂ ನಡೆಸುವ ಅಟ್‌ಮೆಗಾ328 ಚಿಪ್, ಎರಡು ಎಎಎ ಸೆಲ್. ಮೆನುವಿನಲ್ಲಿ ಓಡಾಡಲು ನಾಲ್ಕು ದಿಕ್ಕು, ಆಯ್ಕೆಗೆ ಒಂದು ಒತ್ತು ಬೇಕು. ಮೊದಲು 6 ಮಿ.ಮೀ.ನ ಐದು ಸಣ್ಣ ಗುಂಡಿಗಳನ್ನು ಕೂಡಿಸುವ ಚಿಹ್ನೆಯಂತೆ ಜೋಡಿಸಿದೆ. ಗುಂಡಿಗಳೇ ಪರದೆಯಷ್ಟು ಜಾಗ ನುಂಗಿದವು.

ಕೈಗೆ ಸಿಕ್ಕಿದ್ದ ಥಂಬ್ ಜಾಯ್‌ಸ್ಟಿಕ್ ಪ್ರಯತ್ನಿಸಿದೆ. ಅದು ಎತ್ತರವೂ ಹೆಚ್ಚು, ಹಸಿವೂ ಹೆಚ್ಚು. ಒಳಗಿರುವ ಎರಡು 10 ಕಿಲೋಓಮ್ ಪೊಟೆನ್ಶಿಯೋಮೀಟರ್‌ಗಳು (ತಿರುಗಿಸಿದಂತೆ ಅಡ್ಡಿ ಬದಲಾಗುವ ರೆಸಿಸ್ಟರ್‌ಗಳು) 3 ವೋಲ್ಟ್‌ಗೆ ಸುಮ್ಮನೆ ಕುಳಿತೇ 0.6 ಮಿಲಿಆಂಪಿಯರ್ ಕುಡಿಯುತ್ತವೆ. ಚಿಪ್ ಮಲಗಿದಾಗ ಕೆಲವೇ ಮೈಕ್ರೋಆಂಪಿಯರ್ ಸಾಕೆಂದು ಅಷ್ಟು ಶ್ರಮಪಟ್ಟವನಿಗೆ ಇದು ಸಹ್ಯವಾಗಲಿಲ್ಲ. ತಿರುಗಿಸಿ ಆರಿಸುವ ರೋಟರಿ ಎನ್‌ಕೋಡರ್ ಒಳ್ಳೆಯದೇ, ಆದರೆ ಅದರ ದಂಡ ಜೇಬಿನಲ್ಲಿ ಚುಚ್ಚುತ್ತದೆ.

ನನಗೆ ಬೇಕಾದ ವಸ್ತು ಹೇಗಿರಬೇಕೆಂದು ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಹಳೆಯ ಮೊಬೈಲ್‌ಗಳ ನಡುವೆ ಇರುತ್ತಿದ್ದ ಆ ಪುಟ್ಟ ಕಡ್ಡಿ! ‘ಜಾಯ್‌ಸ್ಟಿಕ್’ ಎಂದು ಹುಡುಕಿದಾಗಲೆಲ್ಲ ಆಟದ ಸಾಮಾನುಗಳೇ ಬಂದವು. ಕೊನೆಗೆ ಕೈಗೆಟುಕಿದ ಹೆಸರು ‘ಫೈವ್ ವೇ ನ್ಯಾವಿಗೇಷನ್ ಸ್ವಿಚ್’. ತಯಾರಕರ ಪಟ್ಟಿಗಳಲ್ಲಿ ಇದೇ ವಸ್ತು ‘ನಾಲ್ಕು ದಿಕ್ಕು, ಸೆಂಟರ್ ಪುಶ್ ಸಹಿತ’ ಎಂದಿರುತ್ತದೆ. ಆ ‘ಸೆಂಟರ್ ಪುಶ್’, ಅಂದರೆ ನಡುವೆ ಒತ್ತುವ ಸೌಲಭ್ಯ, ಇದೆಯೇ ಎಂದು ಎರಡು ಸಲ ನೋಡಿ. ನೋಡದೆ ತರಿಸಿದ ನಾಲ್ಕು ಸ್ವಿಚ್‌ಗಳು ಇಂದಿಗೂ ನನ್ನ ಡಬ್ಬಿಯಲ್ಲಿವೆ. ಆಲ್ಪ್ಸ್ ಕಂಪನಿಯ ಎಸ್‌ಕೆಕ್ಯುಯು ಸರಣಿ ಸುಮಾರು 10 ಮಿ.ಮೀ. ಚೌಕ, ಎಸ್‌ಕೆಆರ್‌ಎಚ್ ಸರಣಿ ಸುಮಾರು 7.5 ಮಿ.ಮೀ. ನಾನು ಈ ಚಿಕ್ಕ ಅಳತೆಯದನ್ನೇ ಆರಿಸಿಕೊಂಡೆ.

ಆರು ಕಾಲುಗಳು: ಐದು ಸಂಪರ್ಕ, ಒಂದು ಕಾಮನ್, ಅಂದರೆ ಐದಕ್ಕೂ ಸಾಮಾನ್ಯವಾದ ಕಾಲು. ಗುಜರಿಯಿಂದ ಕಿತ್ತ ಸ್ವಿಚ್ ಆದರೆ ಮಲ್ಟಿಮೀಟರನ್ನು ಕಂಟಿನ್ಯುಟಿಗೆ (ಎರಡು ಕಾಲುಗಳು ಒಳಗೆ ಕೂಡಿವೆಯೇ ಎಂದು ತೋರಿಸುವ ಸ್ಥಾನಕ್ಕೆ) ಇಟ್ಟು, ಪ್ರತಿ ದಿಕ್ಕಿಗೂ ಬಾಗಿಸಿ ನೋಡಬೇಕು. ಹೀಗೆ ಕೂಡುವ ಎಲ್ಲ ಜೋಡಿಯಲ್ಲೂ ಬರುವ ಕಾಲೇ ಕಾಮನ್.

ಐದಕ್ಕೂ ಐದು ಪಿನ್ ಕೊಡುವಷ್ಟು ಶ್ರೀಮಂತಿಕೆ ನನ್ನ ಚಿಪ್‌ನಲ್ಲಿ ಉಳಿದಿರಲಿಲ್ಲ. ಹಾಗಾಗಿ ವೋಲ್ಟೇಜ್ ಅಳೆಯುವ ಒಂದೇ ಅನಲಾಗ್ ಪಿನ್‌ಗೆ ರೆಸಿಸ್ಟರ್‌ಗಳ ಮೂಲಕ ಎಲ್ಲವನ್ನೂ ಕಟ್ಟಿದೆ. ಪಿನ್‌ನಿಂದ ಸೆಲ್‌ನ ಧನ ತುದಿಗೆ 10 ಕಿಲೋಓಮ್, ಕಾಮನ್ ‘ನೆಲ’ಕ್ಕೆ, ಅಂದರೆ ಸೆಲ್‌ನ ಋಣ ತುದಿಗೆ, ಪ್ರತಿ ದಿಕ್ಕಿಗೂ ಬೇರೆ ಬೇರೆ ರೆಸಿಸ್ಟರ್. ಹಾಗಾಗಿ ದಿಕ್ಕಿಗೊಂದು ವೋಲ್ಟೇಜ್. ಇಲ್ಲಿ ಎರಡು ದಿನ ಕಳೆದೆ. ಈ ಸ್ವಿಚ್‌ನ ಸ್ವಭಾವವೆಂದರೆ, ನಡುವೆ ಒತ್ತುವಾಗ ಹೆಬ್ಬೆರಳು ತುಸು ವಾಲಿದರೂ ಪಕ್ಕದ ಸಂಪರ್ಕವೊಂದು ಸೇರಿಕೊಳ್ಳುತ್ತದೆ. ‘ಆಯ್ಕೆ’ ಎಂದು ಒತ್ತಿದರೆ ಮೆನು ಬಲಕ್ಕೆ ಹಾರುತ್ತಿತ್ತು. ತಂತ್ರಾಂಶವನ್ನು ಬೈದುಕೊಂಡೆ; ತಪ್ಪು ಇದ್ದದ್ದು ರೆಸಿಸ್ಟರ್‌ಗಳ ಹಂಚಿಕೆಯಲ್ಲಿ.

ಪರಿಹಾರ ಇಷ್ಟೇ: ನಡುವಿನ ಒತ್ತಿಗೆ ರೆಸಿಸ್ಟರೇ ಬೇಡ, ನೇರ ತಂತಿ. ಆಗ ಪಕ್ಕದಲ್ಲಿ ಯಾವುದು ಸೇರಿಕೊಂಡರೂ ಎಡಿಸಿ (ಪಿನ್‌ನ ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್‌ನ ಭಾಗ) ಓದುವುದು ಸೊನ್ನೆಯನ್ನೇ. ಮೇಲಕ್ಕೆ 2.2, ಎಡಕ್ಕೆ 4.7, ಬಲಕ್ಕೆ 10, ಕೆಳಕ್ಕೆ 22 ಕಿಲೋಓಮ್. ಪೂರ್ಣ ವೋಲ್ಟೇಜಿಗೆ 1023 ಎಂಬ ಲೆಕ್ಕದಲ್ಲಿ ಇವು ಸುಮಾರು 184, 327, 512 ಮತ್ತು 703. 2.2 ಮತ್ತು 22 ಎದುರುಬದುರು ಇರುವುದು ಬೇಕೆಂದೇ. ಅವೆರಡೂ ಒಟ್ಟಿಗೆ ಸೇರಿದರೆ 170ರ ಆಸುಪಾಸು ಬಂದು ‘ಮೇಲೆ’ ಎಂದು ಮೋಸ ಮಾಡಬಲ್ಲವು, ಆದರೆ ಎದುರುಬದುರಾದ ದಿಕ್ಕುಗಳಿಗೆ ಕಡ್ಡಿ ಒಮ್ಮೆಗೇ ವಾಲಲಾರದು. ಮೂಲೆಗೆ ಒತ್ತಿದಾಗ ಬರುವ 133, 156, 286, 417 ಇವೆಲ್ಲವೂ ನಾನಿಟ್ಟ ಪ್ಲಸ್ ಮೈನಸ್ 20ರ ಗಡಿಯಿಂದ ಹೊರಗೆ; ಅವನ್ನು ಕೈಬಿಡುತ್ತೇನೆ. 1 ಶೇಕಡಾ ನಿಖರತೆಯ ರೆಸಿಸ್ಟರ್ ಬಳಸಿ. ಎಡಿಸಿ ಹೋಲಿಸಿ ನೋಡುವ ವೋಲ್ಟೇಜ್ (ರೆಫರೆನ್ಸ್) ಕೂಡ ಅದೇ ಸೆಲ್‌ನದಾಗಿದ್ದರೆ, ಸೆಲ್ ಸೊರಗಿದರೂ ಅಂಕಿಗಳು ಕದಲುವುದಿಲ್ಲ. ಓದು 20 ಮಿಲಿಸೆಕೆಂಡ್ ಸ್ಥಿರವಾಗಿ ನಿಂತ ಮೇಲಷ್ಟೇ ಒಪ್ಪಿಕೊಳ್ಳುತ್ತೇನೆ.

ಒಂದು ಕೊರತೆ ಉಳಿಯಿತು. ಮಲಗಿದ ಚಿಪ್ಪನ್ನು ಇದೇ ಪಿನ್‌ನಿಂದ ಎಬ್ಬಿಸಬೇಕಾದರೆ ವೋಲ್ಟೇಜ್ ಸಾಕಷ್ಟು ಕೆಳಗಿಳಿಯಬೇಕು. ಬಲ ಮತ್ತು ಕೆಳ ದಿಕ್ಕುಗಳಲ್ಲಿ ಅದು ಅರ್ಧಕ್ಕಿಂತ ಕೆಳಗಿಳಿಯುವುದೇ ಇಲ್ಲ. ಎಬ್ಬಿಸಲು ನಡುವೆ ಒತ್ತಿ ಎಂದು ನನಗೆ ನಾನೇ ನಿಯಮ ಮಾಡಿಕೊಂಡೆ.

ಬೆಸುಗೆಯಲ್ಲಿ ಎರಡು ಸ್ವಿಚ್ ಬಲಿಯಾದವು. ಒಂದನ್ನು ಬೆಸೆದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಸುರಿದು ತೊಳೆದೆ; ಕರಗಿದ ಫ್ಲಕ್ಸ್ (ಬೆಸುಗೆ ಹಿಡಿಯಲು ನೆರವಾಗುವ ಅಂಟು) ಒಳಗಿಳಿದು ಸಂಪರ್ಕಕ್ಕೆ ಮೆತ್ತಿಕೊಂಡಿತು. ಈಗ ಹತ್ತಿಯ ಕಡ್ಡಿಯಿಂದ ಅಂಚನ್ನಷ್ಟೇ ಒರೆಸುತ್ತೇನೆ. ಇನ್ನೊಂದು ನನ್ನ ಸೋಮಾರಿತನದ ಫಲ. ಅದರ ಕೆಳಗೆ ಎರಡು ಪ್ಲಾಸ್ಟಿಕ್ ಮೊಳೆಗಳಿದ್ದವು. ಬೋರ್ಡಿನಲ್ಲಿ ತೂತು ಕೊರೆಯುವ ಬದಲು ಅವನ್ನು ಕತ್ತರಿಸಿಬಿಟ್ಟೆ. ಪಕ್ಕಕ್ಕೆ ತಳ್ಳುವ ಬಲವನ್ನು ಆ ಮೊಳೆಗಳು ಹೊರುತ್ತವೆ ಎಂದು ಬೋರ್ಡಿನ ತಾಮ್ರದ ಪ್ಯಾಡ್ ಕಿತ್ತು ಬಂದಾಗ ತಿಳಿಯಿತು.

ಕಡ್ಡಿಯ ತುದಿ ಬೆರಳಿಗೆ ಒತ್ತುತ್ತದೆ, ಅದಕ್ಕೊಂದು ಟೋಪಿಯನ್ನು 3ಡಿ ಪ್ರಿಂಟರ್‌ನಲ್ಲಿ ಮುದ್ರಿಸಿದೆ. ಟೋಪಿ ಎತ್ತರವಾದಷ್ಟೂ ತುದಿ ಹೆಚ್ಚು ಓಡಾಡುತ್ತದೆ. ಮುಚ್ಚಳದ ತೂತಿಗೆ ತಾಗಿ ಮೊದಲ ಎರಡು ಟೋಪಿಗಳು ಸಿಕ್ಕಿಕೊಂಡವು. ಮೂರನೆಯದನ್ನು ಗಿಡ್ಡ ಮಾಡಿ, ತೂತನ್ನು ಅರದಿಂದ ಉಜ್ಜಿ ಹಿಗ್ಗಿಸಿದೆ.