ಹಬ್ಬದ ಮರುದಿನ ಫೈನಲ್: ರಜೆಯ ಕ್ರಿಕೆಟ್ ಪಂದ್ಯಾವಳಿಗೆ ವೇಳಾಪಟ್ಟಿ ಹಾಕುವ ಬಗೆ

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಕಲಬುರಗಿಯಲ್ಲಿ ಬಿಸಿಲು ಹಿತವಾಗಿರುತ್ತದೆ, ಕೆಲಸಕ್ಕೂ ಬಿಡುವಿರುತ್ತದೆ; ಆದರೂ ಆ ದಿನ ಫೈನಲ್ ಇಟ್ಟವರು ಖಾಲಿ ಮೈದಾನವನ್ನೇ ನೋಡಬೇಕಾಗುತ್ತದೆ. ಊರಿಗೆ ಊರೇ ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ಕಟ್ಟಿಕೊಂಡು ಚರಗ ಚೆಲ್ಲಲು, ಅಂದರೆ ಬೆಳೆಗೆ ನೈವೇದ್ಯ ಎರಚಲು, ಹೊಲಕ್ಕೆ ಹೋಗಿರುತ್ತದೆ. ಆದ್ದರಿಂದ ಪಂದ್ಯಾವಳಿಯ ದಿನ ಗೊತ್ತುಮಾಡುವವರು ಕ್ಯಾಲೆಂಡರಿನಲ್ಲಿ ಕೆಂಪು ಅಂಕಿ ಹುಡುಕುವುದಕ್ಕಿಂತ ಮೊದಲು, ಅಂದು ಜನರು ಎಲ್ಲಿರುತ್ತಾರೆ ಎಂಬುದನ್ನು ವಿಚಾರಿಸಿಕೊಳ್ಳಬೇಕು.

ವಿಜಯದಶಮಿಯ ಸಂಜೆಯೂ ಹೀಗೆಯೇ: ಬನ್ನಿ ಕೊಟ್ಟು ಹಿರಿಯರ ಕಾಲಿಗೆರಗಲು ಎಲ್ಲರೂ ಮನೆಮನೆ ತಿರುಗುತ್ತಿರುತ್ತಾರೆ. ಮುಖ್ಯ ಪಂದ್ಯಕ್ಕೆ ಹಬ್ಬದ ಮರುದಿನವೇ ಸರಿಯಾದ ದಿನ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದುಗಳಿಗೆ ದುಡಿಯಲು ಹೋದವರು ದೀಪಾವಳಿಗೋ ಯುಗಾದಿಗೋ ಊರ ಜಾತ್ರೆಗೋ ಬಂದಿರುತ್ತಾರೆ, ಪೂಜೆ ಮುಗಿದಿರುತ್ತದೆ, ಮರಳಿ ಹೋಗುವ ಬಸ್ಸನ್ನು ಇನ್ನೂ ಹತ್ತಿರುವುದಿಲ್ಲ. ಮೆಲ್ಬರ್ನಿನ ಪ್ರಸಿದ್ಧ ಟೆಸ್ಟ್ ಪಂದ್ಯವೂ ಕ್ರಿಸ್‌ಮಸ್ ದಿನ ಆರಂಭವಾಗುವುದಿಲ್ಲ, ಮರುದಿನ ಆರಂಭವಾಗುತ್ತದೆ. 2013ರ ಡಿಸೆಂಬರ್ 26ರಂದು ಅಲ್ಲಿ 91,112 ಜನ ಸೇರಿದ್ದರು. ನಮ್ಮಲ್ಲಿ ಇನ್ನೂ ಎರಡು ದಿನ ತಡಮಾಡಿದರೆ ನೋಡುಗರಷ್ಟೇ ಅಲ್ಲ, ತಂಡದ ಮುಖ್ಯ ಬೌಲರನೂ ಪುಣೆಗೆ ಹೊರಟುಹೋಗಿರುತ್ತಾನೆ.

ತಿಂಗಳನ್ನು ಆರಿಸುವಾಗ ಮಣ್ಣನ್ನೂ ನೋಡಬೇಕು. ದಸರೆಯ ರಜೆಯಲ್ಲಿ ಮಳೆ ಇನ್ನೂ ಹಿಂದೆ ಸರಿಯದೆ ಇರಬಹುದು. ಕಲಬುರಗಿಯ ಎರೆ ಮಣ್ಣು ಒಮ್ಮೆ ನೆನೆದರೆ ಬೂಟಿಗೆ ಮೆತ್ತಿಕೊಂಡು ಓಡಲು ಬಿಡುವುದಿಲ್ಲ, ಬೀದರಿನ ಕೆಂಪು ನೆಲವಾದರೆ ಬೇಗ ಆರುತ್ತದೆ. ಎರೆ ನೆಲದಲ್ಲಿ ಆಡಿಸುವವರು ಮೀಸಲು ದಿನವೊಂದನ್ನು ಮೊದಲೇ ಘೋಷಿಸಬೇಕು. ಡಿಸೆಂಬರ್, ಜನವರಿಗಳಲ್ಲಿ ಹವೆ ಚೆನ್ನಾಗಿದ್ದರೂ ಹಳ್ಳಿಗಳಲ್ಲಿ ತೊಗರಿಯ ರಾಶಿ ನಡೆದಿರುತ್ತದೆ. ರೈತನಿಗೆ ಭಾನುವಾರವೆಂಬುದಿಲ್ಲವಾದ್ದರಿಂದ ಅಲ್ಲಿ ಲೀಗ್ ಪಂದ್ಯಗಳನ್ನು ಇಳಿಹೊತ್ತಿಗೆ ಇಡುವುದು ಲೇಸು.

ಬೇಸಿಗೆ ರಜೆಯೇ ಎಲ್ಲಕ್ಕಿಂತ ಉದ್ದವಾದದ್ದು, ಕಠಿಣವಾದದ್ದೂ ಅದೇ. ಉಷ್ಣಾಂಶ 40 ಡಿಗ್ರಿ ದಾಟುವ ಈ ಭಾಗದಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಈ ಬದಲಾವಣೆ ಸಂಘಟಕರಿಗೆ ಅನುಕೂಲವೇ ಸರಿ: ನೌಕರರು ಊಟ ಮಾಡಿ, ಒಂದು ನಿದ್ದೆ ಮುಗಿಸಿ, ಸಂಜೆಗೆ ಬಿಡುವಾಗಿರುತ್ತಾರೆ. ಬೆಳಿಗ್ಗೆ 6.30ರಿಂದ 10ರೊಳಗೆ ಎರಡು ಪಂದ್ಯ, ಸಂಜೆ 4.45ಕ್ಕೆ ಒಂದು ಪಂದ್ಯ ಸಾಕು. ನಡುವೆ ಆಡಿಸುವುದು ಆಟಗಾರರ ಜೀವಕ್ಕೂ ಒಳ್ಳೆಯದಲ್ಲ. ಹತ್ತು ಓವರ್‌ಗಳ ಪಂದ್ಯಕ್ಕೆ ವಿರಾಮ ಸೇರಿ ಸುಮಾರು ಒಂದೂಮುಕ್ಕಾಲು ಗಂಟೆ ಹಿಡಿಯುವುದರಿಂದ, ಮೇ ತಿಂಗಳಲ್ಲಿ ಬೆಳಕಿರುವಾಗಲೇ ಆಟ ಮುಗಿದು, 7.30ಕ್ಕೆ ಐಪಿಎಲ್ ಆರಂಭವಾಗುವ ಮುನ್ನ ಜನ ಮನೆ ಸೇರುತ್ತಾರೆ. ಟಿವಿಯೊಡನೆ ಸ್ಪರ್ಧೆಗಿಳಿದು ಗೆದ್ದ ಸಂಘಟಕರು ಕಡಿಮೆ. ಡಿಸೆಂಬರಿನಲ್ಲಿ ಆರು ಗಂಟೆಗೆ ಮೊದಲೇ ಸೂರ್ಯ ಮುಳುಗುವುದರಿಂದ ಫೈನಲನ್ನು 3.30ಕ್ಕೆ ಆರಂಭಿಸಬೇಕು.

ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಪಂದ್ಯ ಇಡಬಾರದು. ರಂಜಾನ್ ಹಾಗೂ ಕಲಬುರಗಿಯ ಬಂದೇ ನವಾಜ್ ದರ್ಗಾದ ಉರುಸು ಚಾಂದ್ರಮಾನದಂತೆ ಪ್ರತಿವರ್ಷ ಸುಮಾರು 11 ದಿನ ಮುಂಚಿತವಾಗಿ ಬರುವುದರಿಂದ ಹಿಂದಿನ ವರ್ಷದ ಪಟ್ಟಿಯನ್ನು ಹಾಗೆಯೇ ನಕಲು ಮಾಡಲಾಗದು.

ಇನ್ನುಳಿದದ್ದು ಜೋಡಿಗಳ ವಿಚಾರ. ಯಾವ ತಂಡಕ್ಕೆ ಯಾವ ತಂಡ ಎಂಬುದನ್ನು ಎಲ್ಲ ನಾಯಕರ ಎದುರು ಚೀಟಿ ಎತ್ತಿಯೇ ತೀರ್ಮಾನಿಸಬೇಕು. ಹೊತ್ತನ್ನು ಮಾತ್ರ ಸಂಘಟಕರು ಗೊತ್ತುಮಾಡಬಹುದು ಎಂಬ ನಿಯಮವನ್ನು ಆಗಲೇ ತಿಳಿಸಿರಬೇಕು. ಹಾಗಾದರೆ ಮೈದಾನದ ಅಕ್ಕಪಕ್ಕದ ಓಣಿಯ ತಂಡಕ್ಕೆ ದಿನದ ಕೊನೆಯ ಪಂದ್ಯ ಕೊಡಬಹುದು, ದೂರದ ತಾಲ್ಲೂಕಿನಿಂದ ಬರುವ ತಂಡಕ್ಕೆ ಅದಕ್ಕೂ ಹಿಂದಿನ ಪಂದ್ಯ ಕೊಡಬಹುದು. ಅವರ ಬೆಂಬಲಿಗರಿಗೆ ಹಗಲಿನಲ್ಲೇ ಬಸ್ಸು ಸಿಗುತ್ತದೆ, ಓಣಿಯವರು ನಡೆದೇ ಬರುತ್ತಾರೆ.